ಗಿಲಾವಿನ ಸಮೇತ ಕಿತ್ತು ಬಂದ ಪಾತ್ರೆ ಸ್ಟ್ಯಾಂಡ್

ಪ್ರಶ್ನೆ: ಸರ್, ನಮ್ಮ ಅಡುಗೆಮನೆ ಗೋಡೆಗೆ ಸ್ಟೀಲಿನ ಪಾತ್ರೆ ಸ್ಟ್ಯಾಂಡ್ ಹಾಕಿಸಿದ್ದೆವು. ಎರಡಡಿ ಎತ್ತರ, ಪಾತ್ರೆ ತುಂಬಿದರೆ 25 ಕೆಜಿ ಆಗಬಹುದು. ಮೇಲೆ ಒಂದಿಂಚಿನ ಎರಡು ಸ್ಕ್ರೂ, ಅಷ್ಟೇ. ಆರು ತಿಂಗಳಾದ ಮೇಲೆ ಒಂದು ರಾತ್ರಿ ಗಿಲಾವಿನ ಸಮೇತ ಕಿತ್ತು ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಅದನ್ನು ಮತ್ತೆ ಹಾಕಬೇಕು, ಮಗನ ಸೈಕಲ್ಲನ್ನೂ ಪಡಸಾಲೆ ಗೋಡೆಗೆ ದೊಡ್ಡ ಹುಕ್ ಹೊಡೆದು ತೂಗುಹಾಕಬೇಕು. ಎಂಥ ಬೋಲ್ಟ್ ತರಲಿ?
ಓದುಗರೊಬ್ಬರು, ಸಿಂಧನೂರು

ಉತ್ತರ: ಅಕ್ಕಾ, ಬೋಲ್ಟ್ ಆಮೇಲೆ ತರೋಣ. ಮೊದಲು ನಿಮ್ಮ ಗೋಡೆ ಯಾವುದರದ್ದು ಅಂತ ತಿಳಿಯಬೇಕು.

ಒಂದಿಂಚು ಅಂದರೆ 25 ಎಂಎಂ. ಅದರಲ್ಲಿ ಗಿಲಾವೇ 12ರಿಂದ 15 ಎಂಎಂ ತಿಂದುಬಿಡುತ್ತದೆ, ಸ್ಟ್ಯಾಂಡಿನ ಪಟ್ಟಿಗೆ ಒಂದೆರಡು ಎಂಎಂ ಹೋಗುತ್ತದೆ, ಹಾಗಾಗಿ ಇಟ್ಟಿಗೆಯೊಳಗೆ ಹೋದದ್ದು ಬೆರಳಿನ ಉಗುರಿನಷ್ಟು. ನಿಮ್ಮ ಸ್ಟ್ಯಾಂಡ್ ಆರು ತಿಂಗಳು ನಿಂತದ್ದು ಬರೀ ಗಿಲಾವಿನ ಮೇಲೆ. ಗಿಲಾವು ಇರುವುದು ಗೋಡೆ ಮುಚ್ಚುವುದಕ್ಕೆ, ಭಾರ ಹೊರುವುದಕ್ಕಲ್ಲ.

ಡ್ರಿಲ್ ಹಾಕುವಾಗ ಗಿಲಾವು ದಾಟಿದ ಮೇಲೆ ಬೀಳುವ ಪುಡಿ ನೋಡಿ. ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ಬೂದು ಬಣ್ಣ ಬಂದರೆ ಸಿಮೆಂಟ್ ಬ್ಲಾಕ್ ಇರಬಹುದು, ಇಲ್ಲಾ ಬೂದಿ ಇಟ್ಟಿಗೆ ಇರಬಹುದು. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದ ಬೂದಿ ಹತ್ತಿರವೇ ಸಿಗುವುದರಿಂದ ನಮ್ಮ ಕಡೆ ಆ ಇಟ್ಟಿಗೆಯ ಮನೆಗಳೂ ಇವೆ. ಡ್ರಿಲ್ಲಿನ ಬಿಟ್ ಸ್ವಲ್ಪ ಹೋಗಿ ಧಡಕ್ಕನೆ ಒಳಗೆ ಜಾರಿದರೆ ಒಳಗೆ ಟೊಳ್ಳಿರುವ ಬ್ಲಾಕ್. ಅದಕ್ಕೆ ಬಿಗಿದಂತೆ ಅರಳುವ ಆಂಕರ್ ಬೋಲ್ಟ್ ಹಾಕಲೇಬೇಡಿ, ತೆಳು ಗೋಡೆ ಸೀಳುತ್ತದೆ. ಬೋಲ್ಟನ್ನು ಆಚೆ ಬದಿಗೆ ಪೂರ್ತಿ ತೂರಿಸಿ, ಅಲ್ಲಿ ಕಬ್ಬಿಣದ ಪಟ್ಟಿ ಇಟ್ಟು ನಟ್ ಬಿಗಿಯುವುದೇ ಸರಿ.

ನಿಮ್ಮದು ಗಟ್ಟಿ ಇಟ್ಟಿಗೆ ಅಂತಾದರೆ 10 ಎಂಎಂ ದಪ್ಪ, 80 ಎಂಎಂ ಉದ್ದದ ನೈಲಾನ್ ಪ್ಲಗ್ (ತೂತಿನೊಳಗೆ ಕೂತು ಸ್ಕ್ರೂ ಹಿಡಿಯುವ ಕೊಳವೆ) ಮತ್ತು ಅದರ ಜೊತೆಗೇ ಬರುವ ಸ್ಕ್ರೂ ನಾಲ್ಕು ತನ್ನಿ, ಮೇಲೆ ಎರಡು ಕೆಳಗೆ ಎರಡು. ಬಿಟ್ ಕೂಡ 10 ಎಂಎಂನದ್ದೇ ಇರಲಿ. ತೂತು ಪ್ಲಗ್ಗಿಗಿಂತ 10 ಎಂಎಂ ಜಾಸ್ತಿ ಆಳ ಬೇಕು, ಅಷ್ಟಕ್ಕೆ ಬಿಟ್ಟಿನ ಮೇಲೆ ಟೇಪ್ ಸುತ್ತಿಕೊಳ್ಳಿ. ಹಳೇ ಇಟ್ಟಿಗೆಗೆ ಡ್ರಿಲ್ಲಿನ ಹ್ಯಾಮರ್ ಹಾಕಬೇಡಿ, ಸುಮ್ನೆ ತಿರುಗಿಸಿ ಕೊರೆಯಿರಿ, ಇಲ್ಲದಿದ್ದರೆ ತೂತು ಅಗಲವಾಗಿ ಪ್ಲಗ್ ತಿರುಗುತ್ತಲೇ ಇರುತ್ತದೆ. ಒಳಗಿನ ಪುಡಿಯನ್ನು ಮಗನ ಸೈಕಲ್ ಪಂಪಿನಿಂದ ಊದಿ ತೆಗೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಪುಡಿ ಉಳಿದರೆ ಪ್ಲಗ್ ಹಿಡಿಯುವುದಿಲ್ಲ. ಹಳೇ ತೂತಿಗೇ ಮತ್ತೆ ಹೊಡೆಯಬೇಡಿ. ಕಿತ್ತ ಜಾಗ ಸಿಮೆಂಟಿನಿಂದ ಮುಚ್ಚಿ, ನಾಲ್ಕೈದು ಇಂಚು ಪಕ್ಕಕ್ಕೆ ಸರಿಯಿರಿ.

ಮರದ ಗೂಟ ಬಡಿದು ಸ್ಕ್ರೂ ಹಾಕ್ತೀವಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಬಳ್ಳಾರಿಯ ನಮ್ಮ ಮನೆಯಲ್ಲಿ ಅಪ್ಪ ಹಾಗೇ ಮಾಡಿದ್ದರು. ನಮ್ಮ ಬಿಸಿಲು ಗೊತ್ತಲ್ಲ, ಏಪ್ರಿಲ್ ಬರುವಷ್ಟರಲ್ಲಿ ಗೂಟ ಒಣಗಿ ಸಣ್ಣಗಾಗಿ ಕೈಯಲ್ಲೇ ಈಚೆ ಬಂತು.

ಈಗ ಸೈಕಲ್. ಇದರದ್ದೇ ನನಗೆ ಜಾಸ್ತಿ ಚಿಂತೆ. ಸ್ಟ್ಯಾಂಡಿನ ಭಾರ ಗೋಡೆಯಿಂದ ಸುಮಾರು ಆರಿಂಚು ಈಚೆಗೆ ಇದೆ ಅಂದುಕೊಳ್ಳಿ, ಎತ್ತರ 24 ಇಂಚು. 25ನ್ನು 6ರಿಂದ ಗುಣಿಸಿ 24ರಿಂದ ಭಾಗಿಸಿದರೆ ಮೇಲಿನ ಸ್ಕ್ರೂಗಳನ್ನು ಹೊರಗೆ ಎಳೆಯುವ ಬಲ ಆರು ಕೆಜಿ ಚಿಲ್ಲರೆ ಮಾತ್ರ. ಸೈಕಲ್ 15 ಕೆಜಿ ಇರಬಹುದು. ಆದರೆ ಹುಕ್ಕಿನ ಪಟ್ಟಿ ನಾಲ್ಕೇ ಇಂಚು, ಸೈಕಲ್ ಒಂದಡಿ ಈಚೆಗೆ ತೂಗುತ್ತದೆ. 15ನ್ನು 12ರಿಂದ ಗುಣಿಸಿ 4ರಿಂದ ಭಾಗಿಸಿ, 45 ಕೆಜಿ ಎಳೆತ! ಭಾರ ಕಡಿಮೆ, ಎಳೆತ ಏಳು ಪಟ್ಟು. ಅದಕ್ಕೇ ಹೇಳುವುದು, ಪಟ್ಟಿ ಉದ್ದ ಇರುವ ಹುಕ್ ತನ್ನಿ, ಒಂದಡಿ ಉದ್ದದ್ದು ಸಿಕ್ಕರೆ ಎಳೆತ 15 ಕೆಜಿಗೆ ಇಳಿಯುತ್ತದೆ. ಪಡಸಾಲೆಯಲ್ಲಿ ಕಾಂಕ್ರೀಟ್ ಪಿಲ್ಲರ್ ಇದ್ದರೆ ಅಲ್ಲೇ ಹಾಕಿ. ಆಂಕರ್ ಬೋಲ್ಟ್ ಚೆನ್ನಾಗಿ ಹಿಡಿಯುವುದು ಅಲ್ಲಿಯೇ. ಪಿಲ್ಲರಿನ ಅಂಚಿಗೆ ತೀರಾ ಹತ್ತಿರ ಮಾತ್ರ ಬೇಡ.

ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕದಲ್ಲಿ ಡ್ರಿಲ್ ಹಾಕಬೇಡಿ, ವೈರಿನ ಪೈಪ್ ಅಲ್ಲೇ ಹೋಗಿರುತ್ತದೆ. ನಲ್ಲಿಯ ನೇರಕ್ಕೂ ಬೇಡ.

ಎಲ್ಲ ಮುಗಿದ ಮೇಲೆ ಪಾತ್ರೆ ಜೋಡಿಸುವ ಮೊದಲು ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ 25 ಕೆಜಿ ಸೋನಾಮಸೂರಿ ಚೀಲಕ್ಕೇನು ಬರ, ಒಂದನ್ನು ಸ್ಟ್ಯಾಂಡಿಗೆ ಕಟ್ಟಿ ಒಂದು ರಾತ್ರಿ ಬಿಡಿ, ಕೆಳಗೆ ಹಾಸಿಗೆ ಹಾಸಿರಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಬೆಳಗ್ಗೆ ಪಟ್ಟಿ ಮತ್ತು ಗೋಡೆ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ ಬಿಚ್ಚಿ ಮತ್ತೆ ಹಾಕಿಸಿ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಕಲ್ಲು ಮಣ್ಣಿನ ಗೋಡೆ, ಎರಡಡಿ ದಪ್ಪ. ಕಾಳುಕಡಿ ಡಬ್ಬಿ ಇಡಲು ಗೋಡೆಗೆ ರ‍್ಯಾಕ್ ಹಾಕಬಹುದಾ?
ಓದುಗರೊಬ್ಬರು, ಕೊಪ್ಪಳ ತಾಲೂಕು

ಉತ್ತರ: ಬೇಡ ತಮ್ಮಾ. ಗೋಡೆ ದಪ್ಪ ಇದ್ದರೂ ಕಲ್ಲಿನ ಸಂದಿನಲ್ಲಿರುವುದು ಮಣ್ಣು, ಅದು ಯಾವ ಪ್ಲಗ್ಗನ್ನೂ ಹಿಡಿಯುವುದಿಲ್ಲ. ನೆಲದ ಮೇಲೆ ಕಾಲೂರಿ ನಿಲ್ಲುವ ಕಬ್ಬಿಣದ ರ‍್ಯಾಕ್ ತಂದು, ಮುಂದಕ್ಕೆ ಬೀಳದಂತೆ ಅದರ ತಲೆಯನ್ನು ಮನೆಯ ಮರದ ಕಂಬಕ್ಕೆ ಕಟ್ಟಿ. ಕಟ್ಟುವ ಮೊದಲು ಕಂಬವನ್ನು ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿರಬಹುದು. ಸಣ್ಣ ಡಬ್ಬಿಗಳಿಗೆ ಅಜ್ಜ ಗೋಡೆಯಲ್ಲಿ ಬಿಟ್ಟ ಮಾಡಗಳು ಇರುತ್ತವಲ್ಲ, ಅವನ್ನೇ ಒರೆಸಿ ಸುಣ್ಣ ಬಳಿದು ಬಳಸಿ.