ಕಂಪ್ಯೂಟರ್ ಪ್ರಶ್ನೋತ್ತರ: ಬಟನ್ ಒತ್ತಿದರೂ ಏನೂ ಆಗುವುದಿಲ್ಲ

ಪ್ರಶ್ನೆ: ನಾನು ಮಲ್ಪೆಯ ಒಂದು ಐಸ್ ಪ್ಲಾಂಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದ ಮೇಲೆ ಕೆಲಸ ಕಡಿಮೆ. ಆ ಬಿಡುವಿನಲ್ಲಿ ಕಲಿಯೋಣವೆಂದು ಮಂಗಳೂರಿನ ಹಳೆಯ ಪುಸ್ತಕದಂಗಡಿಯಿಂದ ಒಂದು ಪುಸ್ತಕ ತಂದೆ. ಸಿ ಶಾರ್ಪ್ ಭಾಷೆ ಬಳಸಿ ವಿಂಡೋಸ್ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯುವುದನ್ನು ಹೊಸಬರಿಗೆ ಕಲಿಸುವ ಪುಸ್ತಕ ಅದು, ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ವಿಷುವಲ್ ಸ್ಟುಡಿಯೋ 2008ರ ಕಾಲದ್ದು. ಅದರ ಸಾಲುಗಳನ್ನು ಅಕ್ಷರ ತಪ್ಪದೆ ಟೈಪ್ ಮಾಡಿದರೂ ಕೆಲವೊಮ್ಮೆ ಬಟನ್ ಒತ್ತಿದಾಗ ಏನೂ ಆಗುವುದಿಲ್ಲ. ಸರಿಯಾಗಿ ನಡೆದ ಉದಾಹರಣೆಗಳನ್ನೂ ಪುಸ್ತಕ ಮುಚ್ಚಿ ಬರೆಯಲು ಬರುತ್ತಿಲ್ಲ. ಈಗೇನಿದ್ದರೂ ವೆಬ್ ಮತ್ತು ಮೊಬೈಲ್ ಕಾಲ, ಇದನ್ನು ಕಲಿತು ಏನು ಪ್ರಯೋಜನ ಎನ್ನುತ್ತಾರೆ ಗೆಳೆಯರು. ಪುಸ್ತಕ ಬಿಟ್ಟುಬಿಡಲೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬಿಡಬೇಡಿ. ಉಡುಪಿಯ ತೆಂಕಪೇಟೆಯಲ್ಲಿ ನಾನು ನಡೆಸುವ ಸಂಜೆ ತರಗತಿಗೆ ಬರುವವರೂ ಇದೇ ಎರಡು ಕಡೆ ನಿಲ್ಲುತ್ತಾರೆ. ಎರಡನ್ನೂ ದಾಟಬಹುದು.

ಮೊದಲು ಬಟನ್. ಫಾರ್ಮ್ (ಪ್ರೋಗ್ರಾಂನ ಕಿಟಕಿ) ಮೇಲಿನ ಬಟನ್ ಅನ್ನು ನೀವು ಡಬಲ್ ಕ್ಲಿಕ್ ಮಾಡಿದಾಗ ವಿಷುವಲ್ ಸ್ಟುಡಿಯೋ ಎರಡು ಕೆಲಸ ಮಾಡುತ್ತದೆ. 'ಬಟನ್1_ಕ್ಲಿಕ್' ಎಂಬ ಖಾಲಿ ಮೆಥಡ್ (ಒಂದು ಕೆಲಸದ ಸಾಲುಗಳಿಗೆ ಹೆಸರಿಟ್ಟ ಗುಂಪು) ಬರೆದುಕೊಡುವುದು ನಿಮ್ಮ ಕಣ್ಣಿಗೆ ಬೀಳುತ್ತದೆ. ಎರಡನೆಯದು ಕಾಣುವುದಿಲ್ಲ. ಡಿಸೈನರ್ ಎಂಬ ಇನ್ನೊಂದು ಕಡತದಲ್ಲಿ, ಈ ಬಟನ್ನಿನ ಕ್ಲಿಕ್ ಆದಾಗ ಆ ಮೆಥಡ್ ಅನ್ನು ಕರೆಯಬೇಕು ಎಂದು ಜೋಡಿಸುವ ಒಂದು ಸಾಲು ಸೇರುತ್ತದೆ. ಪುಸ್ತಕದಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಮೊದಲಿನದು ಮಾತ್ರ. ನೀವು ಮೆಥಡ್ಡಿನ ಹೆಸರನ್ನೂ ಸೇರಿಸಿ ಎಲ್ಲವನ್ನೂ ಕೈಯಿಂದಲೇ ಟೈಪ್ ಮಾಡಿದರೆ ಜೋಡಣೆಯ ಸಾಲು ಹುಟ್ಟುವುದೇ ಇಲ್ಲ. ಪ್ರೋಗ್ರಾಂ ದೋಷವಿಲ್ಲದೆ ಓಡುತ್ತದೆ, ಬಟನ್ ಮಾತ್ರ ಸುಮ್ಮನಿರುತ್ತದೆ. ಬಟನ್ ಆರಿಸಿ ಪ್ರಾಪರ್ಟೀಸ್ ಕಿಟಕಿಯಲ್ಲಿ ಮಿಂಚಿನ ಗುರುತನ್ನು ಒತ್ತಿ ನೋಡಿ. 'ಕ್ಲಿಕ್' ಎದುರಿನ ಜಾಗ ಖಾಲಿ ಇದ್ದರೆ ಅಲ್ಲಿ ನಿಮ್ಮ ಮೆಥಡ್ಡಿನ ಹೆಸರನ್ನು ಆರಿಸಿ, ಅಷ್ಟೇ. ಇದರ ತಿರುವುಮುರುವೂ ಆಗುತ್ತದೆ. ಬೇಡವೆಂದು ಮೆಥಡ್ ಅಳಿಸಿದರೆ ಡಿಸೈನರ್ ಕಡತದಲ್ಲಿ ದೋಷ ತೋರಿಸುತ್ತದೆ, ಏಕೆಂದರೆ ಜೋಡಣೆಯ ಸಾಲು ಇನ್ನೂ ಅಲ್ಲಿಯೇ ಉಳಿದಿದೆ. ಆ ಸಾಲನ್ನೂ ತೆಗೆದರೆ ಸರಿಹೋಗುತ್ತದೆ.

ಇಷ್ಟು ವಿವರಿಸಲು ಕಾರಣವಿದೆ. ವಿಂಡೋಸ್ ಪ್ರೋಗ್ರಾಂ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓಡಿ ಮುಗಿಯುವ ಜಾತಿಯದಲ್ಲ. 'ಅಪ್ಲಿಕೇಶನ್.ರನ್' ಎಂಬ ಸಾಲಿಗೆ ಬಂದು ಅದು ಕಾಯುತ್ತಾ ಕೂರುತ್ತದೆ. ಮೌಸ್ ಒತ್ತಿದರೆ, ಕೀಲಿ ಒತ್ತಿದರೆ, ಕಿಟಕಿಯನ್ನು ಎಳೆದರೆ ವಿಂಡೋಸ್ ಒಂದೊಂದು ಸಂದೇಶ ಕಳುಹಿಸುತ್ತದೆ. ಪ್ರೋಗ್ರಾಂ ಅವನ್ನು ಸರತಿಯಿಂದ ಒಂದೊಂದಾಗಿ ಎತ್ತಿಕೊಂಡು, ಜೋಡಿಸಿಟ್ಟ ಮೆಥಡ್ ಅನ್ನು ಕರೆಯುತ್ತದೆ. ಬಟನ್ನಿನ ಮೆಥಡ್ಡಿನಲ್ಲಿ ಬಹಳ ಹೊತ್ತು ಹಿಡಿಯುವ ಕೆಲಸ ಇಟ್ಟರೆ ಉಳಿದ ಸಂದೇಶಗಳೆಲ್ಲ ಕಾಯಬೇಕಾಗಿ, ಕಿಟಕಿ ಹೆಪ್ಪುಗಟ್ಟಿದಂತೆ ಕಾಣುವುದು ಇದರಿಂದಲೇ. ಕಾಯುವ ಪ್ರೋಗ್ರಾಂ ಎಂಬ ಈ ಒಂದು ಕಲ್ಪನೆ ಗಟ್ಟಿಯಾದರೆ ಪುಸ್ತಕದ ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ.

ಪುಸ್ತಕ ಹಳೆಯದಾದರೂ ಚಿಂತೆಯಿಲ್ಲ. ವಿಷುವಲ್ ಸ್ಟುಡಿಯೋದ ಕಮ್ಯುನಿಟಿ ಆವೃತ್ತಿ ಕಲಿಯುವವರಿಗೆ ಉಚಿತ. ವಿಷುವಲ್ ಸ್ಟುಡಿಯೋ ಕೋಡ್ ಎಂಬುದು ಬೇರೆ ತಂತ್ರಾಂಶ, ನಿಮ್ಮ ಪುಸ್ತಕದ ಚಿತ್ರಗಳಲ್ಲಿರುವ ಫಾರ್ಮ್ ಡಿಸೈನರ್ ಅದರಲ್ಲಿ ಇಲ್ಲ. ಹೊಸ ಪ್ರಾಜೆಕ್ಟ್ ತೆರೆಯುವಾಗ ವಿಂಡೋಸ್ ಫಾರ್ಮ್ಸ್ (ಫಾರ್ಮ್, ಬಟನ್ ಬಳಸುವ ಡೆಸ್ಕ್‌ಟಾಪ್ ಪ್ರೋಗ್ರಾಂ) ಹೆಸರಿನಲ್ಲಿ ಎರಡು ಆಯ್ಕೆಗಳು ಕಾಣುತ್ತವೆ. ಸಿ ಶಾರ್ಪ್ ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆಯೇ ಡಾಟ್ ನೆಟ್. ನಿಮ್ಮ ಪುಸ್ತಕಕ್ಕೆ ಹೊಂದುವುದು ಅದರ ಹಳೆಯ ರೂಪವಾದ 'ಡಾಟ್ ನೆಟ್ ಫ್ರೇಮ್‌ವರ್ಕ್' ಎಂದು ನಮೂದಿಸಿರುವುದು. ಇನ್ನೊಂದನ್ನು ಆರಿಸಿದರೆ ಅಕ್ಷರಶೈಲಿ, ಮೊದಲ ಕಡತದ ಸಾಲುಗಳು ಎಲ್ಲವೂ ಬೇರೆಯಾಗಿ ಕಂಡು ನೀವು ಸುಮ್ಮನೆ ಗಾಬರಿಯಾಗುತ್ತೀರಿ.

ಇನ್ನು ಪುಸ್ತಕ ಮುಚ್ಚಿದರೆ ಬರೆಯಲಾಗದ ಸಂಕಟ. ಟೈಪ್ ಮಾಡಿ ಓಡಿಸಿದ ಉದಾಹರಣೆ ಇನ್ನೂ ನಿಮ್ಮದಾಗಿಲ್ಲ. ಅದು ಓಡಿದ ಆ ದಿನವೇ ಅದನ್ನು ಕೆಡವಿ ನಿಮ್ಮ ಕೆಲಸಕ್ಕೆ ಬಾಗಿಸಿ. ಕಾಪುವಿನಿಂದ ಬರುತ್ತಿದ್ದ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬರು ಪುಸ್ತಕದ ವಿಳಾಸಪಟ್ಟಿ ಉದಾಹರಣೆಯನ್ನು ರವಿಕೆ ಅಳತೆಗಳ ದಾಖಲೆಯಾಗಿ ಮಾರ್ಪಡಿಸಿದರು. ತೋಳು, ಎದೆ, ಸೊಂಟ ಎಂದು ಪೆಟ್ಟಿಗೆಗಳಿಗೆ ತಾವೇ ಹೆಸರು ಕೊಟ್ಟ ಮೇಲೆ ಅವರು ನನ್ನನ್ನು ಕೇಳುತ್ತಿದ್ದ ಪ್ರಶ್ನೆಗಳೇ ಬದಲಾದವು. ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯ ವಿಷಯವಿದೆ: ಬೋಟಿನ ಹೆಸರು, ಕೊಟ್ಟ ಐಸ್ ಬ್ಲಾಕ್‌ಗಳು, ದರ, ಬಂದ ಹಣ, ಉಳಿದ ಬಾಕಿ.

ಬೆಳಗ್ಗೆ 12 ಬ್ಲಾಕ್, ಸಂಜೆ 8 ಬ್ಲಾಕ್ ಎಂದು ಎರಡು ಟೆಕ್ಸ್ಟ್ ಬಾಕ್ಸ್‌ಗಳಲ್ಲಿ ತುಂಬಿ ನೇರವಾಗಿ ಕೂಡಿಸಿದರೆ 128 ಬರುತ್ತದೆ. ಪೆಟ್ಟಿಗೆಯಲ್ಲಿರುವುದು ಸಂಖ್ಯೆಯಲ್ಲ, ಅಕ್ಷರಗಳು. ಬೋಟಿನವರ ಎದುರು 128 ಬ್ಲಾಕ್‌ಗಳ ಬಿಲ್ ಇಟ್ಟರೆ ಏನಾಗುತ್ತದೆಂದು ಒಮ್ಮೆ ಯೋಚಿಸಿದರೆ ಈ ಪಾಠ ಮರೆಯುವುದಿಲ್ಲ. 'ಟ್ರೈಪಾರ್ಸ್' ಬಳಸಿ ಸಂಖ್ಯೆಯಾಗಿ ಬದಲಿಸಿ. ಯಾರಾದರೂ ಅಂಕೆಯ ಜಾಗದಲ್ಲಿ ಅಕ್ಷರ ತುಂಬಿದರೂ ಪ್ರೋಗ್ರಾಂ ಬೀಳುವುದಿಲ್ಲ. ದಶಮಾಂಶ ಸಂಖ್ಯೆ ಇಡಲು ಡಬಲ್, ಡೆಸಿಮಲ್ ಎಂಬ ವಿಧಗಳಿವೆ. ಹಣಕ್ಕೆ ಡಬಲ್ ಬೇಡ, ಡೆಸಿಮಲ್ ಇರಲಿ. 0.1 ಮತ್ತು 0.2ರ ಮೊತ್ತ 0.3ಕ್ಕೆ ಸಮವೇ ಎಂದು ಕೇಳಿದರೆ ಡಬಲ್ 'ಅಲ್ಲ' ಎನ್ನುತ್ತದೆ. ದಶಮಾಂಶಗಳನ್ನು ಅದು ದ್ವಿಮಾನದಲ್ಲಿ (0 ಮತ್ತು 1 ಮಾತ್ರ ಬಳಸಿ) ಇಡುವುದೇ ಇದಕ್ಕೆ ಕಾರಣ. ಬಾಕಿ ಲೆಕ್ಕದಲ್ಲಿ ಪೈಸೆಯ ವ್ಯತ್ಯಾಸವೂ ಜಗಳಕ್ಕೆ ದಾರಿ.

ಲೆಕ್ಕದ ಸಾಲುಗಳನ್ನು ಬಟನ್ನಿನ ಮೆಥಡ್ಡಿನೊಳಗೆ ತುರುಕಬೇಡಿ. ಬಾಕಿ ಲೆಕ್ಕಹಾಕುವ ಮೆಥಡ್ ಬೇರೆ ಕ್ಲಾಸಿನಲ್ಲಿರಲಿ (ಮೆಥಡ್ಡುಗಳನ್ನು ಒಟ್ಟಿಗಿಡುವ ಘಟಕವೇ ಕ್ಲಾಸ್), ಬಟನ್ ಅದನ್ನು ಕರೆದು ಉತ್ತರ ತೋರಿಸಲಿ. ಬಹಳಷ್ಟು ಪುಸ್ತಕಗಳು ಜಾಗ ಉಳಿಸಲು ಎಲ್ಲವನ್ನೂ ಬಟನ್ನಿನೊಳಗೇ ಬರೆಯುತ್ತವೆ, ಇದನ್ನು ನಾನು ಒಪ್ಪುವುದಿಲ್ಲ. ಉತ್ತರ ತಪ್ಪಿದಾಗ ಊಹಿಸುತ್ತಾ ಕೂರಬೇಡಿ. ಎಫ್9 ಒತ್ತಿ, ಪ್ರೋಗ್ರಾಂ ನಿಲ್ಲಬೇಕಾದ ಸಾಲಿನಲ್ಲಿ ತಡೆ ಇಡಿ, ಎಫ್5ರಿಂದ ಓಡಿಸಿ, ಎಫ್10ರಿಂದ ಸಾಲು ಸಾಲಾಗಿ ಮುಂದೆ ಹೋಗುತ್ತಾ ಅಂಕಿಗಳು ಹೇಗೆ ಬದಲಾಗುತ್ತವೆಂದು ಕಣ್ಣಾರೆ ನೋಡಿ. ದಾಖಲೆ ಉಳಿಸಲು ಮೊದಲು ಸಾದಾ ಪಠ್ಯ ಕಡತ ಸಾಕು, ಆಮೇಲೆ ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ಕಲಿಯಿರಿ.

ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ. ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಹುಡುಕುವವರಿಗೆ ವೆಬ್ ಬೇಕೇ ಬೇಕು. ಆದರೆ ನೀವು ಕಲಿಯುವ ಸಿ ಶಾರ್ಪ್ ಅಲ್ಲಿಗೂ ಬರುತ್ತದೆ, ವೆಬ್ ತಾಣಗಳನ್ನು ಕಟ್ಟುವ ಎಎಸ್‌ಪಿ ಡಾಟ್ ನೆಟ್ ಬರೆಯುವುದೂ ಇದೇ ಭಾಷೆಯಲ್ಲಿ. ವಿಂಡೋಸ್ ಫಾರ್ಮ್ಸ್ ಸತ್ತಿಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ಅದರ ಮೂಲ ಸಂಕೇತವನ್ನು ಮುಕ್ತಗೊಳಿಸಿತು, 2019ರಿಂದ ಹೊಸ ಡಾಟ್ ನೆಟ್‌ನಲ್ಲೂ ಅದು ಇದೆ. ಜೋರು ಮಳೆಗೆ ಇಂಟರ್‌ನೆಟ್ ಹೋದಾಗಲೂ ನಿಮ್ಮ ಕೌಂಟರಿನ ಕಂಪ್ಯೂಟರಿನಲ್ಲಿ ಬಿಲ್ ತಯಾರಾಗಬೇಕಲ್ಲವೇ? ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವುದು ಜೂನ್ 1ರಿಂದ ಜುಲೈ 31ರವರೆಗೆ. ಆಗಸ್ಟಿನಲ್ಲಿ ಬೋಟುಗಳು ಇಳಿಯುವಾಗ ಒಂದು ಬೋಟಿನ ಬಾಕಿಯನ್ನಾದರೂ ನಿಮ್ಮ ಪ್ರೋಗ್ರಾಂ ಹೇಳುವಂತಿರಲಿ. ಒಂದಿಷ್ಟು ಕಾಲ ಕೈಬರಹದ ಪುಸ್ತಕವನ್ನೂ ಜೊತೆಯಲ್ಲೇ ಬರೆದು ಎರಡನ್ನೂ ತಾಳೆ ನೋಡಿ.

ಪ್ರಶ್ನೆ: ಡಾಟ್ ನೆಟ್ 8ರಲ್ಲಿ ಬರೆದ ನನ್ನ ಪ್ರೋಗ್ರಾಂ ಮಾವನ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ.
– ವಿದ್ಯಾರ್ಥಿನಿ, ಕಿನ್ನಿಗೋಳಿ

ಉತ್ತರ: ಅಲ್ಲಿ ಇಂಥ ಪ್ರೋಗ್ರಾಂ ನಡೆಸಲು ಬೇಕಾದ ತಂತ್ರಾಂಶ, ಅಂದರೆ ಡಾಟ್ ನೆಟ್‌ನ ಡೆಸ್ಕ್‌ಟಾಪ್ ರನ್‌ಟೈಮ್ ಇರಲಾರದು. ಅದನ್ನು ಹಾಕಿಸಿ, ಇಲ್ಲವೇ ಪಬ್ಲಿಶ್ ಮಾಡುವಾಗ 'ಸೆಲ್ಫ್ ಕಂಟೇನ್ಡ್' ಆರಿಸಿ. ಕಡತ ದೊಡ್ಡದಾಗುತ್ತದೆ, ಆದರೆ ಬೇರೇನೂ ಹಾಕದೆ ನಡೆಯುತ್ತದೆ.

ಪ್ರಶ್ನೆ: ನುಡಿ ತಂತ್ರಾಂಶದ ಹಳೆಯ ಕಡತದಿಂದ ತಂದ ಕನ್ನಡ ಹೆಸರುಗಳು ನನ್ನ ಪ್ರೋಗ್ರಾಂನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ.
– ಗ್ರಂಥಾಲಯ ಸಹಾಯಕರು, ಮೂಡುಬಿದಿರೆ

ಉತ್ತರ: ಆ ಕಡತಗಳಲ್ಲಿರುವುದು ನುಡಿ ಅಕ್ಷರಶೈಲಿಗೆ ಮಾತ್ರ ಅರ್ಥವಾಗುವ ಸಂಕೇತಗಳು. ಪರಿವರ್ತಕ ಬಳಸಿ ಮೊದಲು ಯೂನಿಕೋಡ್‌ಗೆ ತನ್ನಿ. ತುಂಗಾ ಅಥವಾ ನಿರ್ಮಲಾ ಯುಐ ಅಕ್ಷರಶೈಲಿಯಲ್ಲಿ ಅವು ಸರಿಯಾಗಿ ಕಾಣುತ್ತವೆ. ಇನ್ನೊಂದು ಎಚ್ಚರಿಕೆ: 'ಸ್ತ್ರೀ' ಎಂಬುದರ ಉದ್ದ ಎಷ್ಟೆಂದು ಸಿ ಶಾರ್ಪ್ ಅನ್ನು ಕೇಳಿದರೆ 6 ಎನ್ನುತ್ತದೆ, ಒತ್ತಕ್ಷರಗಳನ್ನು ಬಿಡಿಸಿ ಎಣಿಸುವುದರಿಂದ. ಹಾಗಾಗಿ ಉದ್ದ ಎಣಿಸಿ ಕನ್ನಡ ಹೆಸರುಗಳನ್ನು ಕತ್ತರಿಸಬೇಡಿ, ಖಾಲಿ ಜಾಗ ತುಂಬಿ ಸಾಲು ಹೊಂದಿಸಲೂ ಹೋಗಬೇಡಿ. ಪಟ್ಟಿ ತೋರಿಸಲು ಸಾಲು, ಅಂಕಣಗಳ ಕೋಷ್ಟಕವಾದ ಡೇಟಾಗ್ರಿಡ್‌ವ್ಯೂ ಬಳಸಿದರೆ ಅಂಕಣಗಳು ತಾವಾಗಿ ಹೊಂದಿಕೊಳ್ಳುತ್ತವೆ.