ಅಮೆರಿಕದ ಅಂತರ್ಯುದ್ಧ: ಬರೀ ನರ್ಸ್ ಕೆಲಸ ಅಲ್ಲ

ಅಮೆರಿಕದ ಅಂತರ್ಯುದ್ಧದಲ್ಲಿ (ಗುಲಾಮಗಿರಿ ವಿಚಾರಕ್ಕೆ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ನಡೆದ ಯುದ್ಧ) ಹೆಂಗಸರು ನರ್ಸ್ ಕೆಲಸ ಬಿಟ್ಟು ಬೇರೇನಾದ್ರೂ ಮಾಡಿದರಾ ಅಂತ ಕೇಳಿದ್ದೀರಿ. ಮಾಡಿದರು, ಜಾಸ್ತಿನೇ ಮಾಡಿದರು. ಹಾಗೆ ನೋಡಿದರೆ ಸೇನೆಯಲ್ಲಿ ಅದಕ್ಕೂ ಮುಂಚೆ ನರ್ಸ್ ಕೆಲಸವೂ ಗಂಡಸರದ್ದೇ. ನರ್ಸ್‌ಗಳ ಮೇಲ್ವಿಚಾರಕಿ ಡೊರೊಥಿಯಾ ಡಿಕ್ಸ್ ಹಾಕಿದ ಷರತ್ತು ಕೇಳಿ: ವಯಸ್ಸು 30 ದಾಟಿರಬೇಕು, ನೋಡೋಕೆ ಸಾಧಾರಣವಾಗಿರಬೇಕು, ಒಡವೆ ಕೂಡದು!

ನನಗೆ ಇಷ್ಟವಾದ ಕಥೆ ವಾಷಿಂಗ್ಟನ್ ಖಜಾನೆಯದ್ದು. ಆಗ ನೋಟುಗಳು ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಬರುತ್ತಿದ್ದವು. ಗುಮಾಸ್ತರು ಕತ್ತರಿ ಹಿಡಿದು ಒಂದೊಂದೇ ಬಿಡಿಸಬೇಕು. ಗಂಡಸರು ಯುದ್ಧಕ್ಕೆ ಬೇಕು, ಕತ್ತರಿ ಹಿಡಿಯೋಕೆ ಹೆಂಗಸರೇ ವಾಸಿ ಅಂತ ಖಜಾಂಚಿ ಫ್ರಾನ್ಸಿಸ್ ಸ್ಪಿನ್ನರ್ 1862ರಲ್ಲಿ ಅವರನ್ನು ಸೇರಿಸಿಕೊಂಡ. ಸಂಬಳ ವರ್ಷಕ್ಕೆ 600 ಡಾಲರ್. ಗಂಡಸು ಗುಮಾಸ್ತರಿಗೆ ಅದರ ಎರಡರಷ್ಟು! ಆದರೂ ಯುದ್ಧ ಮುಗಿದ ಮೇಲೂ ಹೆಂಗಸರು ಆ ಕುರ್ಚಿ ಬಿಡಲಿಲ್ಲ.

ಮದ್ದುಗುಂಡಿನ ಕಾರ್ಖಾನೆಗಳಲ್ಲೂ ಹುಡುಗಿಯರೇ. ಅದೇ 1862ರ ಸೆಪ್ಟೆಂಬರ್ 17ರಂದು ಪಿಟ್ಸ್‌ಬರ್ಗ್ ಹತ್ತಿರ ಸ್ಫೋಟವಾಗಿ 78 ಜನ ಸತ್ತರು. ಹೆಚ್ಚಿನವರು ತೋಟಾ ತುಂಬುತ್ತಿದ್ದ ಹುಡುಗಿಯರು.

ಇನ್ನು ಹ್ಯಾರಿಯೆಟ್ ಟಬ್ಮನ್. ತಾನೇ ಗುಲಾಮಗಿರಿಯಿಂದ ಓಡಿಬಂದವಳು. 1863ರ ಜೂನ್‌ನಲ್ಲಿ ಸೌತ್ ಕೆರೊಲಿನಾದ ಕೊಂಬಾಹೀ ನದಿಯಲ್ಲಿ ಉತ್ತರದ ಸೇನೆಯ ದೋಣಿಗಳಿಗೆ ದಾರಿ ತೋರಿಸಿದಳು. ಆ ರಾತ್ರಿ 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಯಾದರು. ಪಿಂಚಣಿ? ಮೊದಲು ಸೈನಿಕನ ವಿಧವೆ ಅಂತ ತಿಂಗಳಿಗೆ 8 ಡಾಲರ್. ಅದು 20 ಆಗಿದ್ದು 1899ರಲ್ಲಿ, ಅದೂ ನರ್ಸ್ ಆಗಿದ್ದಳು ಅಂತ!