ಹೂ ಬಿಡುವ ಹೊತ್ತಿಗೆ ಕಡಲೆ ಗಿಡ ಒಣಗುತ್ತಿದೆ, ಇದು ಸಿಡಿ ರೋಗವೇ?

ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲಗಳಲ್ಲಿ ಕಡಲೆ ಒಣಗಿದರೆ ಎಲ್ಲದಕ್ಕೂ ‘ಸಿಡಿ’ ಅಂದುಬಿಡುತ್ತಾರೆ. ಆದರೆ ರೋಗ ಎರಡಿವೆ. ಗಿಡ ಕಿತ್ತು ನೋಡಿ.

ಬೇರು ಹೊರಗಿನಿಂದ ನೆಟ್ಟಗಿದ್ದು, ಬುಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಗೆ ಕಂದು-ಕಪ್ಪು ಗೆರೆ ಕಂಡರೆ ಅದು ಫ್ಯುಸೇರಿಯಂ ಸೊರಗು ರೋಗ. ಶಿಲೀಂಧ್ರ ನೀರಿನ ನಾಳಗಳನ್ನೇ ಮುಚ್ಚಿಬಿಡುವುದರಿಂದ ಹೊಲದಲ್ಲಿ ತೇವವಿದ್ದರೂ ಗಿಡ ಜೋತುಬೀಳುತ್ತದೆ. ಕಿತ್ತಾಗ ತಾಯಿಬೇರು ಲಟಕ್ಕನೆ ಮುರಿದು ಅರ್ಧ ಮಣ್ಣಲ್ಲೇ ಉಳಿದರೆ, ಕವಲು ಬೇರುಗಳಿಲ್ಲದೆ ಸಿಪ್ಪೆ ಸುಲಿದು ಬಂದರೆ ಅದು ಒಣ ಬೇರು ಕೊಳೆ. ತೇವ ಆರಿ, ಉಷ್ಣತೆ 30 ಡಿಗ್ರಿ ದಾಟಿದಾಗ ಇದರ ಹಾವಳಿ ಜೋರು. ನೀರಿದ್ದರೆ ಒಮ್ಮೆ ತೆಳುವಾಗಿ ಹಾಯಿಸಿ.

ಒಣಗಿದ ಗಿಡ ಮತ್ತೆ ಚಿಗುರದು, ಈಗ ಎಲೆಗೆ ಔಷಧಿ ಹೊಡೆಯುವುದು ದುಡ್ಡು ದಂಡ.

ಮುಂದಿನ ಹಿಂಗಾರಿಗೆ ಪ್ರತಿ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರದ ಪುಡಿ), ಅಂದರೆ ಎಕರೆಯ 25 ಕೆಜಿಗೆ 100 ಗ್ರಾಂ, ತುಸು ಅಂಟುನೀರಿನಲ್ಲಿ ಲೇಪಿಸಿ ನೆರಳಲ್ಲಿ ಆರಿಸಿ ಬಿತ್ತಿ. ಇದರ ಜೊತೆ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಬೆರೆಸುವವರೂ ಇದ್ದಾರೆ, ಬೆರೆಸಬೇಡಿ. ಅದು ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ, ಅದೂ ಶಿಲೀಂಧ್ರವೇ ತಾನೆ.

ಸೊರಗು ರೋಗಕ್ಕೆ ಜೆಜಿ-11ರಂಥ ನಿರೋಧಕ ಕಡಲೆ ತಳಿ ಹಾಕಿ, ಹೊಲವನ್ನು ಕೆಲ ವರ್ಷ ಜೋಳಕ್ಕೆ ಬಿಡಿ. ಒಣ ಬೇರು ಕೊಳೆಗೆ ಮಾತ್ರ ಜೋಳದ ಸರದಿ ನಂಬಬೇಡಿ. ಜೋಳದ ದಂಟು ಒಳಗೆ ಕಪ್ಪಾಗಿ ಬೀಳುವ ರೋಗಕ್ಕೂ ಈ ಕೊಳೆ ತರುವ ಶಿಲೀಂಧ್ರವೇ ಕಾರಣ.